ಲೊಕೇಶನ್ ಕೇಳಿದಾಗ ಒಮ್ಮೆ ಒಪ್ಪಿಗೆ, ಒಮ್ಮೆ ಸಿಟ್ಟು

ಪ್ರಶ್ನೆ: ಟ್ಯಾಕ್ಸಿ ಕರೆಯುವಾಗ ನಾನಿರುವ ಜಾಗವನ್ನು ತಿಳಿಸಲು ನಾನು ಯೋಚಿಸುವುದೇ ಇಲ್ಲ. ಅದೇ ಬೇರೆ ಆ್ಯಪ್ ಕೇಳಿದರೆ ಸಿಟ್ಟು ಬರುತ್ತದೆ. ಮನೆಯವರು ಇದನ್ನು ಎಡಬಿಡಂಗಿತನ ಎನ್ನುತ್ತಾರೆ. ಹೌದೇ?

ಉತ್ತರ: ಅಲ್ಲ. ಹೊಸ ತಂತ್ರಜ್ಞಾನವನ್ನು ಜನರು ಒಪ್ಪಿಕೊಳ್ಳಬೇಕಾದರೆ ಅದು ಉಪಯುಕ್ತವೂ ಸುಲಭವೂ ಆಗಿದೆಯೆಂದು ಅವರಿಗೆ ಅನಿಸಬೇಕು ಎಂದು ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ವಾದಿಸಿದ್ದರು. ಸ್ಥಳ ಆಧಾರಿತ ಸೇವೆಗಳಿಗೆ ಇದಿಷ್ಟೇ ಸಾಲದು. ಇಲ್ಲಿ ನಮ್ಮದೊಂದನ್ನು ಬಿಟ್ಟುಕೊಡಬೇಕಾಗಿರುವುದರಿಂದ, ಸಿಗುವ ಅನುಕೂಲವನ್ನೂ ಆಗಬಹುದಾದ ತೊಂದರೆಯನ್ನೂ ಮನಸ್ಸು ತೂಗಿ ನೋಡುತ್ತದೆ.

ಟ್ಯಾಕ್ಸಿಗೆ ನೀವು ನಿಂತಿರುವ ಜಾಗ ಗೊತ್ತಾಗದಿದ್ದರೆ ಅದು ಬರುವುದೇ ಇಲ್ಲ. ಟಾರ್ಚ್ ಆ್ಯಪ್‌ಗೆ ಬೆಳಕು ಚೆಲ್ಲಲು ನಿಮ್ಮ ವಿಳಾಸ ಏಕೆ ಬೇಕು? ಕೇಳಿದ ಮಾಹಿತಿಗೂ ಮಾಡುವ ಕೆಲಸಕ್ಕೂ ಸಂಬಂಧ ಕಾಣದಿದ್ದಾಗ ಅನುಮಾನ ಹುಟ್ಟುವುದು ಸಹಜ. ಯಾರು ಮೊದಲು ಮಾತೆತ್ತಿದರು ಎಂಬುದೂ ಮುಖ್ಯ: ನಾವಾಗಿ ಹತ್ತಿರದ ಔಷಧಿ ಅಂಗಡಿಯನ್ನು ಹುಡುಕಿದಾಗ ಇರದ ಕಿರಿಕಿರಿ, ಅಂಗಡಿಯ ಮುಂದೆ ಹಾದುಹೋಗುತ್ತಿದ್ದಂತೆ ತಾನಾಗಿ ಬಂದು ಬೀಳುವ ಜಾಹೀರಾತಿನಿಂದ ಉಂಟಾಗುತ್ತದೆ. ಹಿಂದೆ ಬೆನ್ನುಹತ್ತಿ ಬಂದವರನ್ನು ಕಂಡಂತಾಗುತ್ತದೆ.

ಈ ಅನುಮಾನಕ್ಕೆ ಆಧಾರವೂ ಇದೆ. ಹದಿನೈದು ಲಕ್ಷ ಜನರ ಮೊಬೈಲ್ ದತ್ತಾಂಶವನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೆಸರಿಲ್ಲದಿದ್ದರೂ ಸರಿ, ಯಾವ ಹೊತ್ತಿನಲ್ಲಿ ಎಲ್ಲಿದ್ದರೆಂಬ ನಾಲ್ಕೇ ಬಿಂದುಗಳಿಂದ ಶೇ 95ರಷ್ಟು ಜನರನ್ನು ಉಳಿದವರಿಂದ ಪ್ರತ್ಯೇಕಿಸಬಹುದೆಂದು ತೋರಿಸಿತು. ರಾತ್ರಿ ಫೋನ್ ಇರುವ ಜಾಗ ಮನೆ, ಹಗಲು ಇರುವ ಜಾಗ ಕಚೇರಿ ಎಂದು ಊಹಿಸಲು ಪತ್ತೇದಾರ ಬೇಕಿಲ್ಲ.

ಹಾಗಿದ್ದೂ ಗೋಪ್ಯತೆಯ ಬಗ್ಗೆ ಜೋರಾಗಿ ಮಾತನಾಡುವವರೇ ಅವಸರದಲ್ಲಿ ಎಲ್ಲಕ್ಕೂ ‘ಸರಿ’ ಒತ್ತಿಬಿಡುವುದುಂಟು. ಅಪಾಯ ಎಂದೋ ಬರುವಂಥದ್ದು, ಅನುಕೂಲ ಈಗಲೇ ಸಿಗುವಂಥದ್ದು. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಬಳಕೆದಾರರ ಅಜಾಗರೂಕತೆಗಿಂತ, ಯಾರೂ ಓದಲಾಗದಷ್ಟು ಉದ್ದದ ನಿಯಮಾವಳಿಗಳೇ ಹೆಚ್ಚು ಕಾರಣ.

ಹಿಡಿತ ನಮ್ಮ ಕೈಯಲ್ಲಿದೆ ಎನಿಸಿದರೆ ಹಿಂಜರಿಕೆ ಕಡಿಮೆಯಾಗುತ್ತದೆ. ಆ್ಯಪ್ ಬಳಸುವಾಗ ಮಾತ್ರ ಅನುಮತಿ ಕೊಡುವ ಆಯ್ಕೆ 2019ರ ಆಂಡ್ರಾಯ್ಡ್ 10ರಲ್ಲಿ ಬಂತು. ನಿಖರ ಜಾಗದ ಬದಲು ಅಂದಾಜು ಪ್ರದೇಶವನ್ನಷ್ಟೇ ತಿಳಿಸುವ ಸೌಲಭ್ಯ ಐಫೋನ್‌ಗಳಿಗೆ 2020ರಲ್ಲಿ, ಆಂಡ್ರಾಯ್ಡ್‌ಗೆ 2021ರಲ್ಲಿ ಸಿಕ್ಕಿತು. ಹವಾಮಾನದ ಆ್ಯಪ್‌ಗೆ ಅಂದಾಜು ಪ್ರದೇಶವೇ ಧಾರಾಳವಾಯಿತು. ಸಿಟ್ಟು ಬರಿಸುವ ಆ್ಯಪ್‌ಗಳಿಗೆ ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಅನುಮತಿಯನ್ನು ನಿರಾಕರಿಸಿ ನೋಡಿ. ಟಾರ್ಚ್ ಆಗಲೂ ಉರಿಯುತ್ತದೆ.