ಹನ್ನೊಂದು ಗಂಟೆಗೆ ಮಾಸ್ತರರ ಕೈ ಯಾಕೆ ಏಳುವುದಿಲ್ಲ?

ಕಲಬುರಗಿಯ ಬ್ರಹ್ಮಪುರದಿಂದ ಬಂದ ಪತ್ರ ಇದು. ಬರೆದವರು ಹೆಸರು ಹಾಕಬೇಡಿ ಎಂದಿದ್ದಾರೆ.

"ಸಂಪಾದಕರಿಗೆ ಶರಣು. ನಮ್ಮ ಮನಿಯವ್ರು ರಿಟೈರ್ ಆದ ಕನ್ನಡ ಸಾಲಿ ಮಾಸ್ತರ್ರು. ಪಾರ್ಕಿನ್ಸನ್ ಅಂತ ಗೊತ್ತಾಗಿ ಏಳು ವರ್ಷ ಆತು. ದಿನಕ್ಕ ನಾಕು ಸರ್ತಿ ಗುಳಿಗಿ, 7ಕ್ಕ, 12ಕ್ಕ, 5ಕ್ಕ, 9ಕ್ಕ. ಮುಂಜಾನಿ ಎಂಟಕ್ಕ ತಾವೇ ಅಂಗಿ ಗುಂಡಿ ಹಾಕ್ಕೋತಾರ, ಪೇಪರ್ ಓದ್ತಾರ. ಹನ್ನೊಂದಕ್ಕ ಕರದ್ರ ಕುರ್ಚಿ ಬಿಟ್ಟು ಏಳಲ್ಲ, ಕೈ ಸೈತ ಎತ್ತಲ್ಲ. 'ಅಪ್ಪ ಬೇಕಂತಲೇ ಮಾಡ್ತಾನ' ಅಂತಾನ ಮಗ. ಬ್ಯಾಳಿ ಬಂದ್ ಮಾಡ್ರಿ ಅಂತ ಒಬ್ರು ಹೇಳ್ಯಾರ, ನಸಗುನ್ನಿ ಪುಡಿ ಕೊಡ್ರಿ ಅಂತ ಇನ್ನೊಬ್ರು. ಅಡಗಿ ಮನಿ ಬಾಗಲದಾಗ ಬಂದ್ರ ಕಾಲು ಅಲ್ಲೇ ಅಂಟ್ಕೋತಾವ. ಲಗ್ನಕ್ಕ, ಗುಡಿಗೆ ಬರೋದು ಬಿಟ್ಟಾರ. ರಾತ್ರಿ ಕನಸಿನಾಗ ಚೀರ್ತಾರ, ಕೈ ಬೀಸ್ತಾರ. ನನಗೂ ಅರವತ್ತೈದು ದಾಟ್ಯಾದ, ಮೊಣಕಾಲು ನೋವು. ಏನ್ ಮಾಡ್ಲಿ?"

ಅಕ್ಕಾವರಿಗೆ ಶರಣು.

ಮೊದಲು ನಿಮ್ಮ ಮಗನಿಗೆ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಮಾಸ್ತರರು ಬೇಕಂತ ಮಾಡುತ್ತಿಲ್ಲ. ಎಂಟಕ್ಕೆ ಗುಂಡಿ ಹಾಕಿಕೊಂಡ ಕೈ ಹನ್ನೊಂದಕ್ಕೆ ಏಳದಿದ್ದರೆ ಅದರಲ್ಲಿ ಹಟವೂ ಇಲ್ಲ, ಸೋಮಾರಿತನವೂ ಇಲ್ಲ. ಅದು ಈ ಕಾಯಿಲೆಯದ್ದೇ ನಡಾವಳಿ. ನಮ್ಮ ಕಡೆ ಇದಕ್ಕೆ 'ನರದ ವೀಕ್ನೆಸ್' ಎಂದು ಹೆಸರಿಟ್ಟು ತಾಕತ್ತಿನ ಸೂಜಿ ಚುಚ್ಚಿಸುವವರು ಬಹಳ. ಆದರೆ ಇಲ್ಲಿ ಕೆಟ್ಟಿರುವುದು ಕೈಕಾಲಿನ ನರವಲ್ಲ. ಮಿದುಳಿನ ಬುಡದ ಹತ್ತಿರ ಕಪ್ಪು ಛಾಯೆಯ ಸಣ್ಣದೊಂದು ಭಾಗವಿದೆ. ಅಲ್ಲಿಯ ಜೀವಕೋಶಗಳು ಡೋಪಮೈನ್ ಎಂಬ ರಾಸಾಯನಿಕ ತಯಾರಿಸುತ್ತವೆ. ನಾವು ಯೋಚನೆಯೇ ಇಲ್ಲದೆ ನಡೆಯುವುದು, ತಿರುಗುವುದು, ನಗುವುದು ಎಲ್ಲ ಅದರ ಬಲದ ಮೇಲೆ. ಆ ಕೋಶಗಳು ಒಂದೊಂದಾಗಿ ಸಾಯುತ್ತ ಹೋಗುವುದೇ ಪಾರ್ಕಿನ್ಸನ್. ನಡುಕ ಕಣ್ಣಿಗೆ ಬೀಳುವ ಹೊತ್ತಿಗೆ ದೊಡ್ಡ ಪಾಲು ಹೋಗಿಯೇ ಬಿಟ್ಟಿರುತ್ತದೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದನ್ನು ವಿವರವಾಗಿ ಬರೆದಿಟ್ಟ, ಅದಕ್ಕೇ ಆ ಹೆಸರು.

ಮಾಸ್ತರರು ನುಂಗುವ ಗುಳಿಗೆಯಲ್ಲಿರುವುದು ಲೆವೊಡೋಪಾ. ಮಿದುಳಿಗೆ ಹೋಗಿ ಅದೇ ಡೋಪಮೈನ್ ಆಗುತ್ತದೆ. ರಕ್ತದಲ್ಲಿ ಅದು ಬಹಳ ಹೊತ್ತು ನಿಲ್ಲುವುದಿಲ್ಲ, ಒಂದೂವರೆ ಗಂಟೆಯಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೊದಲ ವರ್ಷಗಳಲ್ಲಿ ಉಳಿದ ಕೋಶಗಳು ಅದನ್ನು ಕೂಡಿಟ್ಟುಕೊಂಡು ದಿನವಿಡೀ ಸ್ವಲ್ಪ ಸ್ವಲ್ಪ ಬಿಡುತ್ತಿದ್ದವು. ಮಾಳಿಗೆ ಮೇಲೆ ಟಾಕಿ ಇದ್ದ ಮನೆಯಲ್ಲಿ ಕರೆಂಟು ಹೋದರೂ ನಳದಲ್ಲಿ ನೀರು ಬರುತ್ತಿತ್ತಲ್ಲ, ಹಾಗೆ. ಈಗ ಟಾಕಿ ಇಲ್ಲ. ಮೋಟಾರು ಓಡಿದಷ್ಟು ಹೊತ್ತೇ ನೀರು. ಏಳಕ್ಕೆ ಕೊಟ್ಟ ಗುಳಿಗೆ ಎಂಟಕ್ಕೆ ಕೈಗೆ ಬಲ ತರುತ್ತದೆ, ಹನ್ನೊಂದಕ್ಕೆ ಮುಗಿಯುತ್ತದೆ, ಮುಂದಿನದು ಹನ್ನೆರಡಕ್ಕೆ. ನಡುವಿನ ಆ ಒಂದು ತಾಸು ಮಾಸ್ತರರು ತಮ್ಮ ಮೈಯಲ್ಲೇ ಸೆರೆ. ಡಾಕ್ಟರರು ಇದಕ್ಕೆ 'ಆನ್', 'ಆಫ್' ಎನ್ನುತ್ತಾರೆ. ಕೈ ಎತ್ತಬೇಕೆಂದು ಅವರು ಒಳಗೆ ಎಷ್ಟು ಒದ್ದಾಡುತ್ತಿರುತ್ತಾರೋ! ಆ ಹೊತ್ತಿನಲ್ಲಿ 'ನಾಟಕ' ಎಂಬ ಮಾತು ಕಿವಿಗೆ ಬಿದ್ದರೆ ಹೇಗಿರುತ್ತದೆಂದು ಮಗ ಒಮ್ಮೆ ಯೋಚಿಸಲಿ. ಮುಖದಲ್ಲಿ ಏನೂ ಕಾಣಿಸುವುದಿಲ್ಲ ಎಂದರೆ ಅದಕ್ಕೂ ಇದೇ ಕಾರಣ. ಮುಖದ ಸ್ನಾಯುಗಳೂ ಬಿಗಿದಿರುತ್ತವೆ. ಮೊಮ್ಮಕ್ಕಳಿಗೆ ಹೇಳಿ, ಅಜ್ಜ ಸಿಟ್ಟಾಗಿಲ್ಲ, ನಗು ಮುಖದ ತನಕ ಬರುತ್ತಿಲ್ಲ ಅಷ್ಟೇ.

ಆದ್ದರಿಂದ ನಾನು ಹೇಳುವುದು ಇಷ್ಟು. ಮನೆಯ ದಿನಚರಿಯನ್ನು ಗೋಡೆಯ ಗಡಿಯಾರಕ್ಕೆ ಕಟ್ಟಬೇಡಿ, ಗುಳಿಗೆಯ ಗಡಿಯಾರಕ್ಕೆ ಕಟ್ಟಿ. ಸ್ನಾನ, ದಾಡಿ, ಬಟ್ಟೆ, ಬ್ಯಾಂಕು, ಬಂದವರ ಜೊತೆ ಮಾತು ಇವೆಲ್ಲ ಎಂಟರಿಂದ ಹತ್ತೂವರೆಯೊಳಗೆ ಆಗಲಿ. ಹನ್ನೊಂದಕ್ಕೆ ಅವರನ್ನು ಏನೂ ಕೇಳಬೇಡಿ, ರೇಡಿಯೊ ಹಾಕಿಕೊಟ್ಟು ಕೂರಲು ಬಿಡಿ. ಒಂದು ನೋಟ್‌ಬುಕ್ಕಿನಲ್ಲಿ ಹದಿನೈದು ದಿನ ಬರೆಯಿರಿ: ಗುಳಿಗೆ ಎಷ್ಟಕ್ಕೆ, ಊಟ ಎಷ್ಟಕ್ಕೆ, ಕೈ ಯಾವಾಗ ಬಂತು, ಯಾವಾಗ ಹೋಯಿತು, ಮೈ ತಾನಾಗಿ ಕುಣಿದಂತೆ ಆಡಿತೇ. ಡಾಕ್ಟರರ ಮುಂದೆ ಹತ್ತು ನಿಮಿಷ ಕೂತಾಗ ಮಾಸ್ತರರು 'ಆರಾಮ ಇದ್ದೀನಿ' ಎಂದುಬಿಡುತ್ತಾರೆ, ಯಾಕೆಂದರೆ ಆ ಹೊತ್ತು ಗುಳಿಗೆ ಕೆಲಸ ಮಾಡುತ್ತಿರುತ್ತದೆ. ಹಾಳೆ ಹಾಗೆ ಹೇಳುವುದಿಲ್ಲ. ಅದನ್ನು ನೋಡಿ ಅವರು ಗುಳಿಗೆಗಳ ನಡುವಿನ ಅಂತರ ಕಡಿಮೆ ಮಾಡಬಹುದು, ಇನ್ನೊಂದು ಔಷಧ ಸೇರಿಸಬಹುದು. ಆ ಬದಲಾವಣೆ ಅವರೇ ಮಾಡಬೇಕು, ಮನೆಯಲ್ಲಿ ನೀವಾಗಿ ಮಾಡಕೂಡದು. ಒಮ್ಮೆಲೇ ನಿಲ್ಲಿಸುವುದಂತೂ ಬೇಡವೇ ಬೇಡ. ಜ್ವರ ಏರಿ, ಮೈ ಮರಗಟ್ಟಿ, ಜೀವಕ್ಕೇ ಬರಬಹುದು.

ಇನ್ನು ಬೇಳೆಯ ಮಾತು. ತೊಗರಿ ಬೆಳೆಯುವ ನಾಡಿನಲ್ಲಿ ಕೂತು ಬೇಳೆ ಬಿಡಿ ಅನ್ನುವುದೆಂದರೆ ಏನು! ಹೇಳಿದವರ ಮಾತಿನಲ್ಲಿ ಒಂದು ಎಳೆ ಸತ್ಯ ಇದೆ. ಬೇಳೆ, ಹಾಲು, ಮೊಸರು, ಮೊಟ್ಟೆ, ಮಾಂಸದ ಪ್ರೋಟೀನು ಕರಗಿ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗುವ ದಾರಿಯೇ ಲೆವೊಡೋಪಾದ ದಾರಿಯೂ ಹೌದು. ಎರಡೂ ಒಟ್ಟಿಗೆ ಬಂದರೆ ಗುಳಿಗೆ ಹಿಂದೆ ಬೀಳುತ್ತದೆ. ಅದಕ್ಕೆ ಮದ್ದು ಬೇಳೆ ಬಿಡುವುದಲ್ಲ, ಹೊತ್ತು ಬದಲಿಸುವುದು. ಗುಳಿಗೆ ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಒಂದು ತಾಸು ಬಿಟ್ಟು, ತುಂಬಿದ ಲೋಟ ನೀರಿನ ಜೊತೆ. ಹಾಲಿನ ಜೊತೆ ಬೇಡ. ಹೊಟ್ಟೆ ತೊಳಸಿದಂತಾದರೆ ಒಂದೆರಡು ಬಿಸ್ಕೀಟು ಸಾಕು. ಹಗಲು ರೊಟ್ಟಿ, ಪುಂಡಿ ಪಲ್ಯ, ತರಕಾರಿ. ಗಟ್ಟಿ ಬೇಳೆ, ಝುಣಕ, ಮೊಸರು ರಾತ್ರಿ ಊಟಕ್ಕೆ ಸರಿಸಿ ನೋಡಿ, ಡಾಕ್ಟರರಿಗೂ ತಿಳಿಸಿ. ಈ ಕಾಯಿಲೆಯಲ್ಲಿ ತೂಕ ಇಳಿಯುವುದು ಸಾಮಾನ್ಯ. ಬೇಳೆಯನ್ನೇ ನಿಲ್ಲಿಸಿದರೆ ಇದ್ದ ಮಾಂಸಖಂಡವೂ ಹೋದೀತು. ಕಬ್ಬಿಣದ ಗುಳಿಗೆ ಯಾರಾದರೂ ಬರೆದುಕೊಟ್ಟಿದ್ದರೆ ಅದನ್ನೂ ಇದರ ಜೊತೆ ಕೊಡಬೇಡಿ, ಎರಡು ತಾಸಿನ ಅಂತರವಿರಲಿ.

ಖಡಕ್ ರೊಟ್ಟಿ ಇನ್ನು ಅವರ ತಾಟಿಗೆ ಬೇಡ. ನುಂಗುವ ಸ್ನಾಯುಗಳೂ ನಿಧಾನವಾಗಿರುತ್ತವೆ. ಬಿಸಿ ರೊಟ್ಟಿಯನ್ನು ಸಾರಿನಲ್ಲಿ ಮುರಿದು ನೆನೆಸಿ, ಇಲ್ಲವೇ ಮುಟಗಿ ಮಾಡಿ ಮೆತ್ತಗೆ ಕೊಡಿ. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ಅದನ್ನು ಸಣ್ಣದೆಂದು ಬಿಡಬೇಡಿ, ಡಾಕ್ಟರರಿಗೆ ಹೇಳಿ. ಮಲಬದ್ಧತೆಯೂ ಗುಳಿಗೆಗೆ ಅಡ್ಡಗಾಲು: ಹೊಟ್ಟೆ ನಿಧಾನವಾದಷ್ಟೂ ಗುಳಿಗೆ ಕರುಳಿಗೆ ತಡವಾಗಿ ಮುಟ್ಟುತ್ತದೆ. ಬೇಸಿಗೆಯಲ್ಲಿ ನಮ್ಮ ಕಲಬುರಗಿ ನಲವತ್ತು ಡಿಗ್ರಿ ದಾಟಿದಾಗ ರಾತ್ರಿ ಏಳಬೇಕಾಗುತ್ತದೆಂದು ವಯಸ್ಸಾದವರು ನೀರನ್ನೇ ಕಡಿಮೆ ಮಾಡುತ್ತಾರೆ. ಸಂಜೆ ತನಕ ಚೆನ್ನಾಗಿ ಕುಡಿಸಿ, ರಾತ್ರಿ ಕಡಿಮೆ ಮಾಡಿ. ಈ ಕಾಯಿಲೆಯೂ, ಗುಳಿಗೆಯೂ ಎದ್ದು ನಿಂತಾಗ ಬಿಪಿ ಇಳಿಸುತ್ತವೆ. ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು, ಪಾದ ಆಡಿಸಿ, ಆಮೇಲೆ ಏಳಲಿ.

ಅಡುಗೆ ಮನೆ ಬಾಗಿಲಿನಲ್ಲಿ ಕಾಲು ಅಂಟುವುದನ್ನು ಓದಿದಾಗ ನನಗೆ ಶಹಾಬಾದಿನ ನಮ್ಮ ಕಾಕಾ ನೆನಪಾದರು. ಅವರಿಗೂ ಇದೇ ಕಾಯಿಲೆ, ಅವರ ಕಾಲೂ ಪಡಸಾಲೆಯಿಂದ ಒಳಗೆ ಹೋಗುವ ಬಾಗಿಲಿನಲ್ಲೇ ನಿಲ್ಲುತ್ತಿತ್ತು. ಮೊದಮೊದಲು ಕಾಕಿ ಕೈ ಹಿಡಿದು ಎಳೆಯುತ್ತಿದ್ದರು. ಎಳೆದರೆ ಮೈ ಮುಂದೆ ಬರುತ್ತಿತ್ತು, ಪಾದ ಅಲ್ಲೇ. ಇಬ್ಬರೂ ಬೀಳುವ ಪ್ರಸಂಗ. ಆಮೇಲೆ ಕಾಕಿಯೇ ಕಂಡುಕೊಂಡ ದಾರಿ ಇದು: ನೆಲಕ್ಕೆ ಹಾಸಿದ ಪರ್ಸಿ ಕಲ್ಲಿನ ಸಂದುಗಳ ಮೇಲೆ ಸುಣ್ಣದಲ್ಲಿ ಗೆರೆ ಎಳೆದರು, ಬಾಗಿಲಿನ ಆಚೆ ಈಚೆ ಇನ್ನೂ ಎರಡು. 'ಗೆರಿ ದಾಟ್ರಿ' ಅನ್ನುತ್ತಿದ್ದರು. ಕಾಕಾ ಗೆರೆ ನೋಡುತ್ತಿದ್ದರು, ಮೊಣಕಾಲು ಮೇಲೆ ಬರುತ್ತಿತ್ತು, ಹಿಮ್ಮಡಿ ಗೆರೆಯ ಆಚೆ ಬೀಳುತ್ತಿತ್ತು. ಮತ್ತೊಂದು ಗೆರೆ, ಮತ್ತೊಂದು ಹೆಜ್ಜೆ. ಇದರಲ್ಲಿ ಪವಾಡವಿಲ್ಲ. ತಾನಾಗಿ ನಡೆಯುವ ನಡಿಗೆಯ ವ್ಯವಸ್ಥೆ ಕೆಟ್ಟಿರುತ್ತದೆ, ಆದರೆ ಕಣ್ಣಿಗೆ ಕಂಡ ಗುರಿಯ ಮೇಲೆ ಬೇಕೆಂದೇ ಕಾಲಿಡುವಾಗ ಮಿದುಳು ಬೇರೆ ದಾರಿ ಹಿಡಿಯುತ್ತದೆ. ಫಿಸಿಯೋಥೆರಪಿಯವರೂ ಇದನ್ನೇ ಕಲಿಸುತ್ತಾರೆ. ಬ್ರಹ್ಮಪುರದ ಹಳೆಯ ಮನೆ ಅಂದಮೇಲೆ ನಿಮ್ಮಲ್ಲೂ ಪರ್ಸಿ ನೆಲವೇ ಇರಬೇಕು. ಸುಣ್ಣವಾದರೂ ಸರಿ, ಬಣ್ಣದ ಟೇಪ್ ಆದರೂ ಸರಿ, ಒಂದು ಹೆಜ್ಜೆಗೆ ಒಂದರಂತೆ ಅಡ್ಡ ಗೆರೆ ಹಾಕಿ. ಗೆರೆ ಇಲ್ಲದ ಕಡೆ ಕಾಲು ನಿಂತರೆ ಎಳೆಯಬೇಡಿ, ಅವಸರ ಮಾಡಬೇಡಿ. ನೆಟ್ಟಗೆ ನಿಲ್ಲಲಿ, ಭಾರ ಎಡಕ್ಕೆ ಬಲಕ್ಕೆ ಹಾಕಲಿ, ಒಂದು ಎರಡು ಮೂರು ಎಂದು ಗಟ್ಟಿಯಾಗಿ ಎಣಿಸಿ ಹೆಜ್ಜೆ ಇಡಲಿ. ನಡೆಯುವಾಗ ಮಾತಾಡಿಸಬೇಡಿ, ಕೈಯಲ್ಲಿ ಲೋಟ ಕೊಡಬೇಡಿ. ಒಂದು ಸಲಕ್ಕೆ ಒಂದೇ ಕೆಲಸ. ತಿರುಗುವಾಗ ನಿಂತಲ್ಲೇ ಗಿರಕಿ ಹೊಡೆಯದೆ ಅಗಲವಾಗಿ ಸುತ್ತಿ ಬರಲಿ. ಪರ್ಸಿ ಒದ್ದೆಯಾದರೆ ಜಾರುತ್ತದೆ, ನೆಲದ ಮೇಲಿನ ಕೌದಿ ಕಾಲಿಗೆ ಸಿಗುತ್ತದೆ, ಹವಾಯಿ ಚಪ್ಪಲಿ ಕಳಚುತ್ತದೆ. ಮೂರಕ್ಕೂ ಇಂದೇ ವ್ಯವಸ್ಥೆ ಆಗಲಿ. ಬಚ್ಚಲಿಗೆ ಹಿಡಿಕೆ, ರಾತ್ರಿಗೊಂದು ಸಣ್ಣ ಬಲ್ಬು.

ಲಗ್ನ, ಗುಡಿ ಬಿಟ್ಟಿದ್ದಾರೆಂದು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಇದೇ. ಮಾಸ್ತರರೆಂದರೆ ನಾಲ್ಕು ಮಂದಿಯ ಮುಂದೆ ನಿಂತು ಬದುಕಿದವರು. ಕೈ ನಡುಗುವುದನ್ನು ಹಳೆಯ ವಿದ್ಯಾರ್ಥಿಗಳು ನೋಡುತ್ತಾರೆಂಬ ಸಂಕೋಚ ಇರುತ್ತದೆ, ಸಂಕೋಚಪಟ್ಟಷ್ಟೂ ನಡುಕ ಹೆಚ್ಚುತ್ತದೆ. ಅದರ ಜೊತೆಗೆ ಖಿನ್ನತೆ ಈ ಕಾಯಿಲೆಯ ಭಾಗವೇ ಆಗಿ ಬರುತ್ತದೆ, ಅದಕ್ಕೆ ಬೇರೆ ಔಷಧವಿದೆ. ಡಾಕ್ಟರರಿಗೆ ತಪ್ಪದೆ ಹೇಳಿ. ಶರಣಬಸವೇಶ್ವರ ಗುಡಿಗೆ ಜಾತ್ರೆಯ ದಿನ, ಸೋಮವಾರದ ಗದ್ದಲದಲ್ಲಿ ಬೇಡ. ಬೇರೆ ದಿನ ಮುಂಜಾನೆ ಎಂಟೂವರೆಗೆ, ಗುಳಿಗೆ ಜೋರಿನಲ್ಲಿದ್ದಾಗ ಕರೆದುಕೊಂಡು ಹೋಗಿ. ಅಪ್ಪನ ಕೆರೆಯ ಪಕ್ಕ ಹತ್ತು ನಿಮಿಷ ನಡೆಯಲಿ. ದಿನವೂ ನಡಿಗೆ, ವ್ಯಾಯಾಮ ಮಾಡಿದವರ ಓಡಾಟ ಹೆಚ್ಚು ಕಾಲ ಉಳಿಯುತ್ತದೆ. ಲಗ್ನದಲ್ಲಿ ಪಂಗ್ತಿಗೆ ನೆಲದ ಮೇಲೆ ಕೂರಿಸಬೇಡಿ, ಮೊದಲೇ ಹೇಳಿ ಕುರ್ಚಿ ಹಾಕಿಸಿ. ಮನೆಯಿಂದ ಒಂದು ಗುಂಡಾಲ, ದಪ್ಪ ಹಿಡಿಯ ಚಮಚ ಒಯ್ಯಿರಿ. ಕೇಳಿದವರಿಗೆ 'ಪಾರ್ಕಿನ್ಸನ್ ಅದ' ಎಂದು ಹೆಸರು ಹಿಡಿದೇ ಹೇಳಿ. ಗುಸುಗುಸು ಅಲ್ಲಿಗೇ ನಿಲ್ಲುತ್ತದೆ.

ಅವರ ದನಿ ಸಣ್ಣಗಾಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಬಹಳ ಮಂದಿಗೆ ಆಗುತ್ತದೆ. ತಾವು ಸರಿಯಾಗೇ ಮಾತಾಡುತ್ತಿದ್ದೇವೆಂದು ಅವರಿಗೆ ಅನಿಸುತ್ತಿರುತ್ತದೆ, ಕೇಳುವವರಿಗೆ ಮುಟ್ಟುವುದಿಲ್ಲ. ಹಾಗಿದ್ದರೆ ದಿನಾ ಮುಂಜಾನೆ ಐದಾರು ವಚನಗಳನ್ನು ಕೊನೆಯ ಬೆಂಚಿನ ಹುಡುಗನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಓದಿಸಿ. ಅಕ್ಷರ ಇರುವೆಯಷ್ಟು ಸಣ್ಣಗಾಗುತ್ತಿದ್ದರೆ ಗೆರೆ ಹಾಕಿದ ಹಾಳೆ ಕೊಡಿ. ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲವೆಂದರೆ ಗಾಬರಿ ಬೇಡ. ಸಹಿ ಮಾಡಲಾಗದ ವೃದ್ಧರು, ರೋಗಿಗಳು ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿ ಹಣ ತೆಗೆಯಬಹುದು, ಒಬ್ಬ ಸಾಕ್ಷಿ ಬ್ಯಾಂಕಿನ ಅಧಿಕಾರಿಯೇ ಇರಬೇಕು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪಾರ್ಕಿನ್ಸನ್ ಹೆಸರೂ ಸೇರಿದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡಿಗೆ ಮಗ ಅರ್ಜಿ ಹಾಕಲಿ.

ರಾತ್ರಿ ಚೀರುವುದು ಮಾಟವಲ್ಲ, ಮಂತ್ರವಲ್ಲ. ಕನಸು ಬೀಳುವಾಗ ನಮ್ಮೆಲ್ಲರ ಮೈ ಸಡಿಲಾಗಿ ಅಲ್ಲಾಡದೆ ಬಿದ್ದಿರುತ್ತದೆ. ಇವರಲ್ಲಿ ಆ ತಡೆ ಕೆಲಸ ಮಾಡುವುದಿಲ್ಲ, ಕನಸಿನಲ್ಲಿ ಜಗಳವಾದರೆ ಕೈ ನಿಜವಾಗಿ ಬೀಸುತ್ತದೆ. ಕೆಲವರಿಗೆ ನಡುಕ ಶುರುವಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಇದು ಬಂದಿರುತ್ತದೆ. ನಿಮ್ಮ ಮಂಚ ಬೇರೆ ಹಾಕಿಕೊಳ್ಳಿ, ಅವರದ್ದು ತಗ್ಗಾಗಿರಲಿ. ಇದಕ್ಕೂ ಔಷಧ ಇದೆ.

ನಸಗುನ್ನಿ ಬೀಜದಲ್ಲಿ ಇರುವುದೂ ಲೆವೊಡೋಪಾನೇ. ಆದ್ದರಿಂದಲೇ ಬೇಡ ಎನ್ನುತ್ತೇನೆ. ಪೊಟ್ಟಣದ ಪುಡಿಯಲ್ಲಿ ಅದು ಎಷ್ಟಿದೆಯೆಂದು ಕೊಟ್ಟವರಿಗೂ ಗೊತ್ತಿರುವುದಿಲ್ಲ. ಗುಳಿಗೆಯ ಮೇಲೆ ಅದೂ ಸೇರಿದರೆ ಮೈ ಕುಣಿಯುವುದು, ಬಿಪಿ ಕುಸಿಯುವುದು, ಇಲ್ಲದ್ದು ಕಾಣಿಸುವುದು ಶುರುವಾಗಬಹುದು.

ಅದಕ್ಕಿಂತ ದೊಡ್ಡ ಎಚ್ಚರಿಕೆ ಒಂದಿದೆ. ವಾಂತಿ, ತಲೆಸುತ್ತು ಎಂದು ಓಣಿಯ ದವಾಖಾನೆಗೆ ಹೋದರೆ ಮೆಟೋಕ್ಲೋಪ್ರಮೈಡ್ ಅಥವಾ ಪ್ರೋಕ್ಲೋರ್‌ಪೆರಾಜಿನ್ ಕೊಡುವ ರೂಢಿ ಇದೆ. ಅಂಗಡಿಯಲ್ಲಿ ಪೆರಿನಾರ್ಮ್, ಸ್ಟೆಮೆಟಿಲ್ ಎಂದು ಸಿಗುವುದು ಇವೇ. ರಾತ್ರಿ ಗಲಾಟೆ ಎಂದರೆ ಹ್ಯಾಲೋಪೆರಿಡಾಲ್ ಕೊಟ್ಟಾರು. ಮೂರೂ ಡೋಪಮೈನಿಗೆ ಅಡ್ಡ ನಿಲ್ಲುವ ಔಷಧಗಳು, ಪಾರ್ಕಿನ್ಸನ್ ಇದ್ದವರಿಗೆ ಕೊಡಕೂಡದು. ಈ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು, ಕೆಳಗೆ ಗುಳಿಗೆಯ ಹೆಸರು, ಹೊತ್ತು ಬರೆದು ಮಾಸ್ತರರ ಅಂಗಿ ಜೇಬಿನಲ್ಲಿಡಿ. ಯಾವ ಆಸ್ಪತ್ರೆಗೆ ಸೇರಿಸಿದರೂ ಮೊದಲು ಆ ಚೀಟಿ ತೋರಿಸಿ, ಗುಳಿಗೆಯ ಹೊತ್ತು ತಪ್ಪದಂತೆ ನೋಡಿಕೊಳ್ಳಿ.

ಕಡೆಗೆ ನಿಮ್ಮ ಮಾತು. ಪತ್ರದ ಕೊನೆಯ ಸಾಲಿನಲ್ಲಿ ಮೊಣಕಾಲು ನೋವೆಂದು ಬರೆದಿದ್ದೀರಿ. ಅವರನ್ನು ಎತ್ತಿ ಕೂರಿಸಿ ಅದು ಹೆಚ್ಚಾಗಿರಬೇಕು. ಕುರ್ಚಿಗೆ ಗಟ್ಟಿ ಕೈ ಇರಲಿ, ಕೂರುವ ಎತ್ತರ ಸ್ವಲ್ಪ ಹೆಚ್ಚಿರಲಿ, ಆಗ ಅವರೇ ಎದ್ದಾರು. ನೀವೂ ಒಮ್ಮೆ ಮೂಳೆ ಡಾಕ್ಟರರಿಗೆ ತೋರಿಸಿ. ಮನಸ್ಸು ತೀರಾ ಭಾರವಾದ ದಿನ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ವಾರದಲ್ಲಿ ಒಂದು ಸಂಜೆ ಮಗ ಮನೆಯಲ್ಲಿ ಕೂರಲಿ, ಐದರ ಗುಳಿಗೆ ಅವನೇ ಕೊಡಲಿ, ನೋಟ್‌ಬುಕ್ಕಿನಲ್ಲಿ ಅವನೇ ಬರೆಯಲಿ. ನೀವು ಆ ಹೊತ್ತು ಗುಡಿಗೋ, ತಂಗಿಯ ಮನೆಗೋ ಹೋಗಿ ಬನ್ನಿ. ಡಾಕ್ಟರರು ಆ ಹಾಳೆ ನೋಡಿ ಏನು ಬದಲಿಸಿದರೆಂದು ನಮಗೂ ಒಂದು ಪತ್ರ ಹಾಕಿ.