ಪತಂಗ ಸೋಮಾರಿಯೋ, ಸ್ಲಾತ್ ಸೋಮಾರಿಯೋ?

ಪ್ರಶ್ನೆ: ಸರ್, ನಮ್ಮ ತೋಟದ ಮನೆಯ ಗೋಡೆ ಮೇಲೆ ಅಂಗೈಗಿಂತ ದೊಡ್ಡ ಕಂದು ಪತಂಗವೊಂದು ಎರಡು ದಿನದಿಂದ ಕೂತಲ್ಲೇ ಕೂತಿದೆ. ರೆಕ್ಕೆಯ ತುದಿ ಹಾವಿನ ತಲೆಯ ಹಾಗಿದೆ. ಟಿವಿಯಲ್ಲಿ ಸ್ಲಾತ್ ಅನ್ನೋ, ಮರದ ಮೇಲೆ ತೀರಾ ನಿಧಾನವಾಗಿ ಓಡಾಡುವ ಪ್ರಾಣಿಯನ್ನು ನೋಡಿದ ಮಗಳು, ‘ಇದು ಅದಕ್ಕಿಂತ ಸೋಮಾರಿ ಅಲ್ವಾ?’ ಅಂತಾಳೆ. ನಮ್ಮ ಕಾಡಲ್ಲೂ ಸ್ಲಾತ್ ಇದೆಯಾ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ನೀವು ಕೊಟ್ಟ ಗುರುತು ನೋಡಿದರೆ ಅದು ಅಟ್ಲಾಸ್ ಪತಂಗ. ರೆಕ್ಕೆ ಬಿಚ್ಚಿದರೆ 24 ಸೆಂ.ಮೀ.ವರೆಗೂ ಇರುತ್ತದೆ. ಹತ್ತಿರ ಹೋಗಿ, ಮುಟ್ಟದೆ ನೋಡಿ. ರೆಕ್ಕೆಗಳಲ್ಲಿ ಗಾಜಿನ ಕಿಟಕಿಯಂಥ ಮುಕ್ಕೋನಗಳಿವೆ, ಅದರೊಳಗಿಂದ ಗೋಡೆಯ ಸುಣ್ಣ ಕಾಣುತ್ತದೆ. ಆಮೇಲೆ ಬಾಯಿ ಹುಡುಕಿ. ತಿನ್ನೋಕೆ ಬರುವಂಥ ಬಾಯಿಯೇ ಅದಕ್ಕಿಲ್ಲ! ಹುಳುವಾಗಿದ್ದಾಗ ತಿಂದು ಕೂಡಿಟ್ಟ ಕೊಬ್ಬಿನಲ್ಲೇ ಒಂದೆರಡು ವಾರ ಬದುಕಬೇಕು. ಸುಮ್ನೆ ಹಾರಾಡಿದರೆ ಆ ಗಂಟು ಬೇಗ ಕರಗುತ್ತದೆ. ಅದಕ್ಕೇ ಹೆಣ್ಣು ಒಂದೇ ಕಡೆ ಕೂತು ವಾಸನೆ ಬಿಡುತ್ತದೆ, ಗಂಡು ಹುಡುಕಿಕೊಂಡು ಬರುತ್ತದೆ.

ಸ್ಲಾತ್ ಇರುವುದು ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ, ನಮ್ಮಲ್ಲಿಲ್ಲ. ಕಾಡುಪಾಪವನ್ನು ಕೆಲವರು ಸ್ಲಾತ್ ಅಂದುಕೊಳ್ಳುತ್ತಾರೆ, ಅದು ಕೋತಿಯ ದೂರದ ನೆಂಟ. ನಮ್ಮ ಭದ್ರಾ ಕಾಡಿನ ಕರಡಿಗೂ ಇಂಗ್ಲಿಷಿನಲ್ಲಿ ‘ಸ್ಲಾತ್ ಬೇರ್’ ಅಂತಾರೆ. 1791ರಲ್ಲಿ ಜಾರ್ಜ್ ಶಾ ಎಂಬ ವಿಜ್ಞಾನಿ ಅದನ್ನು ಸ್ಲಾತ್ ಗುಂಪಿಗೇ ಸೇರಿಸಿಬಿಟ್ಟಿದ್ದ. ತಪ್ಪು ತಿದ್ದಿದರೂ ಹೆಸರು ಉಳಿಯಿತು.

ಮೂರು ಬೆರಳಿನ ಸ್ಲಾತ್‌ಗೆ ಎಲೆಯೇ ಊಟ. ಎಲೆಯಲ್ಲಿ ಶಕ್ತಿ ಕಮ್ಮಿ, ಅರಗೋಕೆ ಎಷ್ಟೋ ದಿನ ಬೇಕು. ಪತಂಗಕ್ಕೆ ಗಂಟಿದೆ, ಸಂಪಾದನೆ ಇಲ್ಲ. ಸ್ಲಾತ್‌ಗೆ ಸಂಪಾದನೆ ಇದೆ, ತೀರಾ ಕಮ್ಮಿ. ಎರಡೂ ಹಾಸಿಗೆ ಇದ್ದಷ್ಟೇ ಕಾಲು ಚಾಚುತ್ತವೆ. ಇದನ್ನು ಸೋಮಾರಿತನ ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ.

ಮಗಳಿಗೆ ಇನ್ನೊಂದು ಹೇಳಿ. ಸ್ಲಾತ್‌ನ ಕೂದಲೊಳಗೇ ಪುಟ್ಟ ಪತಂಗಗಳು ಸಂಸಾರ ಹೂಡಿರುತ್ತವೆ! ವಾರಕ್ಕೊಂದು ಸಲ ಸ್ಲಾತ್ ಮಲ ಹಾಕೋಕೆ ಮರದಿಂದ ಕೆಳಗಿಳಿಯುತ್ತದೆ. ಆಗ ಹೆಣ್ಣು ಪತಂಗ ಆ ಮಲದಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಅದನ್ನೇ ತಿಂದು ಬೆಳೆದು, ರೆಕ್ಕೆ ಬಂದ ಮೇಲೆ ಮೇಲಕ್ಕೆ ಹಾರಿ ಸ್ಲಾತ್ ಮೈ ಸೇರುತ್ತದೆ. ಸ್ಲಾತ್ ಕೂದಲಲ್ಲಿ ಹಸಿರು ಪಾಚಿಯೂ ಬೆಳೆಯುತ್ತದೆ. ಪತಂಗ ಜಾಸ್ತಿ ಇದ್ದ ಮೈಯಲ್ಲಿ ಪಾಚಿಯೂ ಜಾಸ್ತಿ ಎಂದು 2014ರ ಅಧ್ಯಯನವೊಂದು ತೋರಿಸಿತು.

ನಿಮ್ಮ ಅತಿಥಿಯನ್ನು ಪೊರಕೆಯಿಂದ ಓಡಿಸಬೇಡಿ. ರಾತ್ರಿ ಹೊರಗಿನ ದೀಪ ಆರಿಸಿ, ತಾನೇ ಹೋಗುತ್ತದೆ. ಅಷ್ಟರಲ್ಲಿ ಅದರ ಕುಡಿಮೀಸೆ ನೋಡಿಬಿಡಿ. ಅಗಲವಾಗಿ ಹಕ್ಕಿಗರಿಯಂತಿದ್ದರೆ ಗಂಡು, ಸಣ್ಣಗಿದ್ದರೆ ಹೆಣ್ಣು.