ಅಮ್ಮನಿಗೆ ಎರಡೆರಡು ಗುಳಿಗೆ ಕೊಟ್ಟೆ, ಈಗ ಯಾರಿಗೆ ಹೇಳಲಿ?

ನನಗೆ 44 ವರ್ಷ. ಅಲ್ಜೈಮರ್ ಮರೆವು ಇರುವ 76 ವರ್ಷದ ಅಮ್ಮ ನನ್ನ ಜೊತೆಗಿದ್ದಾಳೆ. ಡಾಕ್ಟರು ಡೊನೆಪೆಜಿಲ್ ಗುಳಿಗೆ 5 ಮಿಲಿಗ್ರಾಂ ಶುರು ಮಾಡಿ, ಆರು ವಾರದ ಮೇಲೆ 10 ಮಾಡಿದರು. ಎರಡು ತಿಂಗಳಾದರೂ ಸುಧಾರಣೆ ಕಾಣಲಿಲ್ಲ. ನ್ಯೂಜೆರ್ಸಿಯಲ್ಲಿರುವ ಅಣ್ಣ, ಅಲ್ಲಿ 23ರವರೆಗೂ ಕೊಡ್ತಾರೆ ಅಂದ. ಆಸೆಗೆ ಬಿದ್ದು ನಾನೇ ರಾತ್ರಿ ಎರಡೆರಡು ಕೊಡತೊಡಗಿದೆ. ಹಳೇ ಚೀಟಿ ತೋರಿಸಿದರೆ ಅಂಗಡಿಯವರು ಕೊಟ್ಟರು. ಈಗ ಐದು ವಾರ. ಅಮ್ಮನಿಗೆ ಭೇದಿ, ಊಟ ಸೇರದು, 43 ಕೆ.ಜಿ. ಇದ್ದವಳು 39ಕ್ಕೆ ಇಳಿದಿದ್ದಾಳೆ, ಬಟ್ಟೆಯಲ್ಲೇ ಮೂತ್ರ. ನಡುರಾತ್ರಿ ಎದ್ದು ಕೂತು 'ಎಮ್ಮಿ ಬಿಚ್ಚಿಕೊಂಡೈತಿ, ಹಿಡೀರಿ' ಅಂತ ಕೂಗುತ್ತಾಳೆ. ಸೋಮವಾರ ಬಚ್ಚಲ ಬಾಗಿಲಲ್ಲಿ ಕಣ್ಣು ಕತ್ತಲಿಟ್ಟು ಬಿದ್ದಳು. ರೋಗ ಜಾಸ್ತಿಯಾಗಿದೆ, ಇನ್ನೊಂದು ಔಷಧ ಬರೆಸು ಅಂತಾನೆ ಅಣ್ಣ. ನಾನು ಎರಡು ಕೊಟ್ಟದ್ದು ಅವನಿಗೂ ಗೊತ್ತಿಲ್ಲ. ಹೇಳಿದರೆ ಅಮ್ಮನನ್ನು ಹಾಳು ಮಾಡಿದವಳೇ ನೀನು ಅಂತಾರೆ. ಡಾಕ್ಟರ ಹತ್ತಿರ ಹೋಗಲು ಇನ್ನೂ ಇಪ್ಪತ್ತು ದಿನ ಇದೆ.
— ಹೆಸರು ಬೇಡ, ಹಾವೇರಿ ಜಿಲ್ಲೆ

ತಂಗಿ, ಅಂಕಣದ ಸರದಿಗೆ ಕಾಯುವ ಪತ್ರ ಇದಲ್ಲ ಅಂತ ಬಂದ ದಿನವೇ ನಿಮಗೆ ಉತ್ತರ ಕಳಿಸಿದ್ದೆ. ಕೆಳಗಿರುವುದು ಅದೇ ಉತ್ತರ. ಇದೇ ಗುಳಿಗೆ ಎಷ್ಟೋ ಮನೆಗಳ ಡಬ್ಬಿಯಲ್ಲಿರುವುದರಿಂದ ಇಲ್ಲಿಯೂ ಹಾಕುತ್ತಿದ್ದೇನೆ.

ಇಪ್ಪತ್ತು ದಿನ ಬೇಡ, ಇವತ್ತೇ ಹೊರಡಿ. ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ. ಸಿಗದಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವರು ಹೇಳುವವರೆಗೆ ಮುಂದಿನ ಗುಳಿಗೆ ಕೊಡಬೇಡಿ. ಕಣ್ಣು ಕತ್ತಲಿಟ್ಟು ಬಿದ್ದವರಿಗೆ ಇಸಿಜಿ ಆಗಲೇಬೇಕು. ತಲೆಗೆ ಪೆಟ್ಟಾಗಿದೆಯೇ ಅಂತಲೂ ನೋಡಲಿ. ಮತ್ತೆ ಎಚ್ಚರ ತಪ್ಪಿದರೆ ಯೋಚಿಸುತ್ತ ಕೂರದೆ 108ಕ್ಕೆ ಫೋನ್ ಮಾಡಿ. ಅಮ್ಮನಿಗೆ ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಗುಳಿಗೆ ಇದ್ದರೆ ಅದನ್ನು ಮರೆಯದೆ ಹೇಳಿ. ಅವೂ ಹೃದಯದ ಬಡಿತ ಇಳಿಸುವಂಥವೇ.

ಇನ್ನು, ಆಗಿದ್ದೇನು ಅಂತ ಹೇಳುತ್ತೇನೆ. ಅಲ್ಜೈಮರ್‌ನಲ್ಲಿ ಮಿದುಳಿನ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಕಡಿಮೆಯಾಗುತ್ತ ಹೋಗುತ್ತದೆ. ಉಳಿದಿರುವುದು ಬೇಗ ಒಡೆದು ಹೋಗದಂತೆ ಡೊನೆಪೆಜಿಲ್ ತಡೆಯುತ್ತದೆ. ತೊಂದರೆ ಏನೆಂದರೆ ಆ ರಾಸಾಯನಿಕ ಮಿದುಳಿನ ಸೊತ್ತು ಮಾತ್ರವಲ್ಲ. ಅದು ಹೆಚ್ಚಾದರೆ ಕರುಳು ಹಿಂಡುತ್ತದೆ, ಭೇದಿ. ಮೂತ್ರಕೋಶ ಹಿಂಡುತ್ತದೆ, ಬಟ್ಟೆ ಒದ್ದೆ. ಹೃದಯ ನಿಧಾನವಾಗುತ್ತದೆ, ಬಚ್ಚಲ ಬಾಗಿಲಲ್ಲಿ ಕಣ್ಣು ಕತ್ತಲು. ರಾತ್ರಿ ಕನಸುಗಳು ಕಣ್ಣಿಗೆ ಕಟ್ಟಿದಂತೆ ಬರುವುದೂ ಈ ಗುಳಿಗೆಯ ಗೊತ್ತಿರುವ ಗುಣವೇ. ನಿಮ್ಮ ಪತ್ರದಲ್ಲಿ ಬೇರೆಬೇರೆ ಕಾಯಿಲೆಗಳಂತೆ ಕಾಣುವ ಇವೆಲ್ಲಕ್ಕೂ ಬೇರು ಒಂದೇ ಇರಬಹುದು. ಖಚಿತ ಮಾಡಬೇಕಾದವರು ಡಾಕ್ಟರು.

ಎರಡು ಕೊಟ್ಟ ಮಾರನೇ ಬೆಳಿಗ್ಗೆಯೇ ಹೀಗಾಗಿದ್ದರೆ ನೀವೇ ನಿಲ್ಲಿಸುತ್ತಿದ್ದಿರಿ. ಆದರೆ ಈ ಔಷಧ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 70 ಗಂಟೆ ಬೇಕು. ದಿನಾ ಹಾಕುತ್ತಿದ್ದರೆ ಎರಡು ವಾರದವರೆಗೂ ಏರುತ್ತಲೇ ಇರುತ್ತದೆ. ಹಾಗಾಗಿ ತೊಂದರೆ ಕಳ್ಳಹೆಜ್ಜೆಯಲ್ಲಿ ಬಂತು, ನಿಮಗೂ ಅಣ್ಣನಿಗೂ ಅದು ರೋಗದ ಹಾಗೇ ಕಂಡಿತು. ಇಳಿಯುವುದೂ ಹಾಗೇ ನಿಧಾನ. ಕಡಿಮೆ ಮಾಡಿದ ನಾಳೆಯೇ ಅಮ್ಮ ಅನ್ನಕ್ಕೆ ಕೈ ಹಾಕಲಿಲ್ಲ ಅಂತ ಕಂಗೆಡಬೇಡಿ.

ಅಣ್ಣ ಹೇಳಿದ 23 ಸುಳ್ಳಲ್ಲ. 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ಅದು ಹೊಟ್ಟೆಯಲ್ಲಿ ನಿಧಾನವಾಗಿ ಕರಗುವ ಬೇರೆಯದೇ ಗುಳಿಗೆ. ಕಾಯಿಲೆ ಬಲಿತವರಿಗೆ, ಅದೂ ಕನಿಷ್ಠ ಮೂರು ತಿಂಗಳು 10 ಮಿಲಿಗ್ರಾಂ ತಡೆದುಕೊಂಡವರಿಗೆ ಮಾತ್ರ ಕೊಡುವಂಥದ್ದು. 10ರ ಎರಡು ನುಂಗಿಸಿದರೆ ಅದಾಗುವುದಿಲ್ಲ. ಅಷ್ಟು ಮಾಡಿಯೂ ಪರೀಕ್ಷೆಯಲ್ಲಿ ನೆನಪಿನ ಅಂಕ ಒಂಚೂರು ಏರಿತೇ ಹೊರತು, ಒಟ್ಟಾರೆ ಸ್ಥಿತಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ವಾಂತಿ, ಭೇದಿ ಮಾತ್ರ ಹೆಚ್ಚಾದವು. 55 ಕೆ.ಜಿ.ಗಿಂತ ಕಡಿಮೆ ತೂಗುವವರಿಗೆ ವಾಕರಿಕೆಯೂ ಸೊರಗುವಿಕೆಯೂ ಇನ್ನೂ ಜಾಸ್ತಿ. ನಿಮ್ಮ ಅಮ್ಮ 43 ಇದ್ದವರು.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಈ ಗುಳಿಗೆ ಹೋದ ನೆನಪನ್ನು ತಂದುಕೊಡುವುದಿಲ್ಲ, ಕೆಲವರಲ್ಲಿ ಜಾರುವುದನ್ನು ಸ್ವಲ್ಪ ಕಾಲ ನಿಧಾನ ಮಾಡುತ್ತದೆ, 'ಇದ್ದಷ್ಟೇ ಇದ್ದಾರೆ' ಅಂದರೆ ಅದೇ ಲಾಭ. ಇಷ್ಟನ್ನು ನಿಮ್ಮನ್ನು ಕೂರಿಸಿ ಯಾರೂ ಹೇಳಿಲ್ಲ. ಹೇಳಿದ್ದರೆ ಎರಡು ತಿಂಗಳಿಗೇ ಏನೂ ಆಗಲಿಲ್ಲ ಅಂತ ನೀವು ಕಾತರಿಸುತ್ತಿರಲಿಲ್ಲ. ಮೂವತ್ತು ದಿನದ ಗುಳಿಗೆ ಹದಿನೈದೇ ದಿನಕ್ಕೆ ಖಾಲಿಯಾದಾಗ ಅಂಗಡಿಯವರೂ ಒಂದು ಮಾತು ಕೇಳಬಹುದಿತ್ತು. ತಪ್ಪು ನಿಮ್ಮದೇ, ಇಲ್ಲ ಅನ್ನಲಾರೆ. ಆದರೆ ಪೂರ್ತಿ ನಿಮ್ಮೊಬ್ಬರದೇ ಅಲ್ಲ.

ಈಗ ನಿಜವಾಗಿ ಹೆದರಬೇಕಾದದ್ದು ಮುಚ್ಚಿಡುವುದಕ್ಕೆ. ನೀವು ಸುಮ್ಮನಿದ್ದರೆ ಡಾಕ್ಟರು, ಅಮ್ಮ 10ರಲ್ಲೇ ಇದ್ದಾರೆ ಅಂದುಕೊಂಡೇ ಯೋಚಿಸುತ್ತಾರೆ. ಮೂತ್ರ ನಿಲ್ಲುತ್ತಿಲ್ಲ ಅಂದರೆ ಆಕ್ಸಿಬ್ಯುಟಿನಿನ್ ಥರದ್ದನ್ನು ಬರೆಯಬಹುದು. ಅದು ಅಸಿಟೈಲ್‌ಕೋಲಿನ್‌ಗೆ ಅಡ್ಡಗಾಲು ಹಾಕುವ ಔಷಧ. ಒಂದು ಗುಳಿಗೆ ಕಟ್ಟಿದ್ದನ್ನು ಇನ್ನೊಂದು ಕೆಡವುತ್ತದೆ, ಮರೆವು ಮತ್ತೂ ಮಂಕಾಗಬಹುದು. ರಾತ್ರಿ ಕೂಗಾಟಕ್ಕೆ ನಿದ್ದೆ ಗುಳಿಗೆ ಬಂದರೆ ಬೀಳುವುದು ಹೆಚ್ಚುತ್ತದೆ. ಅಣ್ಣ ಕೇಳುತ್ತಿರುವ 'ಇನ್ನೊಂದು ಔಷಧ' ಈ ಸಾಲಿನಲ್ಲೇ ಬರುವುದು.

ಡಾಕ್ಟರ ಮುಂದೆ ಪೀಠಿಕೆ ಹಾಕಬೇಡಿ. 'ಸರ್, ಐದು ವಾರದಿಂದ ನಾನೇ 20 ಕೊಟ್ಟಿದ್ದೇನೆ' ಅನ್ನಿ. ಗದರಬಹುದು. ಗದರಲಿ ಬಿಡಿ, ಎರಡು ನಿಮಿಷದ ಮಾತು.

ಅಣ್ಣನಿಗೆ ಹೇಳುವುದು ಆಸ್ಪತ್ರೆಯಿಂದ ಬಂದ ಮೇಲೆ. ಮೊದಲೇ ಹೇಳಿದರೆ ಅರ್ಧ ದಿನ ವಾದದಲ್ಲೇ ಹೋಗುತ್ತದೆ. 'ನೀನು 23 ಅಂದದ್ದಕ್ಕೇ' ಅಂತ ಶುರು ಮಾಡಬೇಡಿ, ಅವನು ಎರಡು ಕೊಡು ಅಂದಿರಲಿಲ್ಲ. 'ಅಣ್ಣಾ, ಗುಳಿಗೆ ಹೆಚ್ಚು ಕೊಟ್ಟಿದ್ದೆ, ಡಾಕ್ಟರಿಗೆ ಹೇಳಿ ಬಂದೆ, ಅವರು ಹೀಗೆ ಹೇಳಿದರು' ಅಂದರೆ ಸಾಕು. ಆಮೇಲೆ ಇನ್ನೊಂದು ಮಾತು ಸೇರಿಸಿ: ಬರುವ ರಜೆಯಲ್ಲಿ ಹದಿನೈದು ದಿನ ಬಂದು ಅಮ್ಮನ ಮಗ್ಗುಲಲ್ಲಿ ಮಲಗು. ಒಂದು ರಾತ್ರಿ ಎಮ್ಮೆ ಹಿಡಿದರೆ ಅವನಿಗೂ ತಿಳಿಯುತ್ತದೆ.

ಆ ಕನಸಿಗೆ, ರಾತ್ರಿ ಗುಳಿಗೆಯನ್ನು ಬೆಳಿಗ್ಗೆಗೆ ಬದಲಿಸುವ ಕ್ರಮ ಇದೆ, ಕೇಳಿ ನೋಡಿ. ಅಲ್ಲಿಯವರೆಗೆ 'ಎಮ್ಮೆ ಎಲ್ಲಿದೆಯಮ್ಮಾ, ಮಾರಿ ಇಪ್ಪತ್ತು ವರ್ಷ ಆಯ್ತು' ಅಂತ ತಿದ್ದಬೇಡಿ. ದೀಪ ಹಾಕಿ, 'ಹಿಡಿದು ಕಟ್ಟಿ ಬಂದೆ, ಮಲಗು' ಅನ್ನಿ.

ಹೊರಡುವಾಗ ಉಳಿದ ಗುಳಿಗೆಯ ಜೊತೆ ಖಾಲಿಯಾದ ಹಾಳೆಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಮಾತು ಬಾರದಿದ್ದರೆ ಅವನ್ನು ಮೇಜಿನ ಮೇಲಿಡಿ, ಡಾಕ್ಟರು ಎಣಿಸಿಕೊಳ್ಳುತ್ತಾರೆ.